ಮೊಳೆ ಇಲ್ಲದ ಹಡಗು

ಶಿಕಾರಿಪುರ, ಸೊರಬದಿಂದ ಬೆಂಗಳೂರಿಗೆ ಬಂದಿರೋ ಯೌವನಸ್ಥರೇ, ಐಎನ್‌ಎಸ್‌ವಿ ಕೌಂಡಿನ್ಯ ನೋಡಿದ್ದೀರಾ? ನಾನು ವಿಡಿಯೋದಲ್ಲೇ ಆ ಹಡಗನ್ನೆಲ್ಲಾ ಸುತ್ತಿ ಬಂದೆ. ಅಜಂತಾ ಗುಹೆಯ ಚಿತ್ರದಲ್ಲಿರೋ 5ನೇ ಶತಮಾನದ ಹಡಗಿನ ಮಾದರಿ ಅದು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಹಾಯಿ ಮೇಲೆ ಗಂಡಭೇರುಂಡ ಇದೆ, ನಿಮ್ಮ ಬಳ್ಳಿಗಾವಿಯಲ್ಲಿ ಇದೆಯಲ್ಲಾ, ಅದೇ!

ನನ್ನ ಕಣ್ಣು ನಿಂತದ್ದು ಹೊಲಿಗೆ ಮೇಲೆ. ಹಲಗೆಗಳಿಗೆ ಮೊಳೆ ಹೊಡೆದಿಲ್ಲ. ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿದಿದ್ದಾರೆ. ಅಲೆ ಬಡಿದಾಗ ಹೊಲಿಗೆ ಸ್ವಲ್ಪ ಬಾಗುತ್ತೆ, ಬಿಡೋದಿಲ್ಲ. ಅದೇ ವರ್ಷ ಡಿಸೆಂಬರ್ 29ಕ್ಕೆ ಪೋರಬಂದರು ಬಿಟ್ಟು ಮಸ್ಕತ್ ಮುಟ್ಟಿತು.

ಎಫೆಸ 4ರಲ್ಲಿ ಪೌಲನು ಸಭೆಯನ್ನು ಕೀಲುಗಳಿಂದ ಕೂಡಿದ ದೇಹಕ್ಕೆ ಹೋಲಿಸ್ತಾನೆ. ಹೊಲಿಗೆ ಬೇಕಾದರೆ ತೂತು ಬೀಳಬೇಕು, ಅದು ನೋಯುತ್ತೆ. ಅದಕ್ಕೇ ನಮ್ಮಲ್ಲಿ ಕೆಲವರು ಆನ್‌ಲೈನ್ ಆರಾಧನೆ ಸಾಕು, ಯಾರ ಗೊಡವೆಯೂ ಬೇಡ ಅಂತಿದ್ದೀರಿ. ‘ಅಪೊಸ್ತಲರ ಕೃತ್ಯ 27ರಲ್ಲಿ ಹಲಗೆ ಹಿಡಿದೇ ದಡ ಸೇರಿದರಲ್ಲಾ ಪಾಸ್ಟರ್?’ ಹೌದು, ಹಡಗು ಒಡೆದ ಮೇಲೆ!

ಸೊರಬದಲ್ಲಿ ನಿನ್ನ ಜೊತೆ ಬೆಳೆದ ಆ ತಮ್ಮ, ಜಗಳ ಆದಮೇಲೆ ಸಭೆಗೆ ಬಂದಿಲ್ಲ. ಅವನ ನಂಬರ್ ನಿನ್ನ ಹತ್ರ ಇದೆ. ಆರಾಧನೆ ಮುಗಿದ ತಕ್ಷಣ ಫೋನ್ ಮಾಡು. ಈಗ ಅವನ ಹೆಸರು ಹೇಳಿ ಪ್ರಾರ್ಥಿಸೋಣ.