ನೆರೆಯೂ ನೆರೆಮನೆಯೂ

2019ರ ಆಗಸ್ಟ್ ಮಾಸದ ಅತಿವೃಷ್ಟಿಯಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥ ಜಲಾಶಯವು ತುಂಬಿ, ಹೊರಬಿಟ್ಟ ನೀರಿನಿಂದ ಮಲಪ್ರಭೆಯು ದಡ ಮೀರಿ ಹರಿದಳು. ಪಟ್ಟದಕಲ್ಲಿನ ಸಾವಿರದಿನ್ನೂರು ವರ್ಷಗಳ ದೇವಾಲಯಗಳ ಅಂಗಳವನ್ನೂ ಆ ನೀರು ಬಿಡಲಿಲ್ಲ.

ಈ ವಾರ್ತೆಯನ್ನು ಕೇಳಿದ ಸದ್ಭಕ್ತನು ‘ಅಯ್ಯೋ ಪಾಪ’ ಎಂದಷ್ಟಕ್ಕೇ ಸುಮ್ಮನಿರಲಾಗದು. ಆ ನೀರು ತನ್ನೂರನ್ನೇ ಹೊಕ್ಕಿತೆಂದು ಭಾವಿಸಿ ನೋಡಬೇಕು: ಹಗೇವಿನ ಜೋಳ ನೆನೆದಿದೆ, ಮಣ್ಣಿನ ಗೋಡೆ ಕುಸಿಯುತ್ತಿದೆ, ಕಣ್ಣಿ ಬಿಚ್ಚದ ಎತ್ತು ಕೂಗುತ್ತಿದೆ. ಆಗ ಅವನು ಮೊದಲು ಎತ್ತಿಕೊಳ್ಳುವುದೇನನ್ನು? ಇಷ್ಟಲಿಂಗವು ಎದೆಯ ಮೇಲೆಯೇ ಇರುವುದು. ಅದಕ್ಕಾಗಿ ಮನೆಯೊಳಕ್ಕೆ ಓಡಬೇಕಾಗಿಲ್ಲ. ಬರಿದಾಗಿರುವ ಎರಡು ಕೈಗಳು ಹಣದ ಪೆಟ್ಟಿಗೆಯನ್ನು ಹುಡುಕುವುವೋ, ನೆರೆಮನೆಯ ಮುದುಕಿಯನ್ನು ಎತ್ತುವುವೋ?

ನೀರು ಬಂದ ದಿನ ಇದನ್ನು ಯೋಚಿಸಲು ಸಮಯವಿರದು. ನೆರೆಯನ್ನು ನೆನೆಯುವಾಗಲೇ ನೆರೆಮನೆಯನ್ನೂ ನೆನೆಯುವುದು ದಾಸೋಹದ ಮೊದಲ ಪಾಠ.