ಹೇಸಿಗೆ ಮತ್ತು ಮುಖ

ಹೇಸಿಗೆಯೇ ಆಗದಿರುವುದು ದೊಡ್ಡ ಗುಣವೋ, ಆದರೂ ಅದನ್ನು ಮುಖದ ಮೇಲೆ ತಾರದಿರುವುದು ದೊಡ್ಡ ಗುಣವೋ? ಹೆತ್ತ ಮಗುವಿನ ಬಟ್ಟೆ ತೊಳೆಯುವ ತಾಯಿಗೆ ಈ ಪ್ರಶ್ನೆ ಏಳುವುದಿಲ್ಲ. ನನ್ನ ತಲೆಯನ್ನು ಇದು ಹೊಕ್ಕಿದ್ದು ನಮ್ಮತ್ತೆಯವರನ್ನು ಕೊಲೊನೋಸ್ಕೊಪಿಗೆಂದು ಆಸ್ಪತ್ರೆಗೆ ಸೇರಿಸಿದಾಗ.

ಕರುಳು ಪೂರ್ತಿ ತೊಳೆದುಹೋಗದಿದ್ದರೆ ಆ ಪರೀಕ್ಷೆಯಲ್ಲಿ ಸಣ್ಣ ಗಂಟುಗಳು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆಂದು ಔಷಧದ ಪುಡಿ ಕಲಸಿದ 2 ಲೀಟರ್ ನೀರು ಕುಡಿಯಬೇಕು; ಅರ್ಧ ಹಿಂದಿನ ಸಂಜೆ, ಉಳಿದದ್ದು ಬೆಳಗಿನ ಜಾವ. (ಇದರ ಮುಂದೆ ಹರಳೆಣ್ಣೆ ಅಮೃತ ಎಂದರು ಅತ್ತೆ.) ಹೊರಗೆ ಹೋಗುವುದು ತಿಳಿಹಳದಿ ನೀರಿನಂತಾಗುವವರೆಗೂ ಬಿಡುವಿಲ್ಲ. ವಯಸ್ಸಾದವರಿಗೆ ಮೈಯ ನೀರು, ಲವಣ ಎರಡೂ ಕಡಿಮೆಯಾಗಿ ತಲೆ ಸುತ್ತುತ್ತದೆ. ಅವಸರದಲ್ಲಿ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದೂ ಉಂಟು. ಸಿಸ್ಟರ್ ಕಮೋಡ್ ಕುರ್ಚಿಯನ್ನು ಮಂಚದ ಪಕ್ಕಕ್ಕೇ ತಂದಿಟ್ಟಳು, ಆಗಾಗ ಬಿ.ಪಿ. ನೋಡಿದಳು.

ಬೆಳಿಗ್ಗೆಯೂ ತಿಳಿಯಾಗಿರಲಿಲ್ಲ. ಡಾಕ್ಟರು ಎನಿಮಾ ಹೇಳಿದರು.

"ನೀನು ಆಚೆ ಇರಮ್ಮ" ಎಂದರು ಅತ್ತೆ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬಾಳಿದ ಸೊಸೆಗಿಂತ ನಿನ್ನೆ ಕಂಡ ಹುಡುಗಿ ಅವರಿಗೆ ವಾಸಿಯೆನಿಸಿದಳು. ನನಗೆ ಬೇಸರವಾಗಲಿಲ್ಲ, ನಾಳೆ ನಾನೂ ಹಾಗೇ ಹೇಳುವವಳು. ಮನೆಯವರ ಕಣ್ಣಲ್ಲಿ ಅದು ಉಳಿದುಬಿಡುತ್ತದೆ.

ಪರದೆಯಾಚೆಯಿಂದ ಮಾತು ಕೇಳುತ್ತಿತ್ತು. "ಎಡಮಗ್ಗುಲಿಗೆ ತಿರುಗಿ ಅಜ್ಜಿ, ಮಂಡಿ ಮಡಚಿ. ಕರುಳಿನ ಕೊನೆ ಎಡಕ್ಕೆ ತಿರುಗಿರುತ್ತೆ, ನೀರು ಸಲೀಸಾಗಿ ಹೋಗಲಿ ಅಂತ. ಉಗುರುಬೆಚ್ಚಗಿದೆ. ಬಾಯಲ್ಲಿ ನಿಧಾನ ಉಸಿರಾಡಿ. ನೋವಾದರೆ ಹೇಳಿ, ನಿಲ್ಲಿಸ್ತೀನಿ." ಬೇಕಾದಷ್ಟು ಮಾತ್ರ ಸೀರೆ ಸರಿಸಿ ಉಳಿದ ಮೈಗೆ ದುಪ್ಪಟಿ ಹೊದಿಸಿದ್ದಳಂತೆ.

ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಕುರಿತ ತನ್ನ ಪುಸ್ತಕದಲ್ಲಿ, 1859ರಷ್ಟು ಹಿಂದೆಯೇ, ಮುಚ್ಚಳವಿಲ್ಲದ ಮಲಪಾತ್ರೆ ಕೂಡದೆಂದಿದ್ದಳು. ಆಕೆಯ ಚಿಂತೆ ಕೋಣೆಯ ಗಾಳಿಯದು. ಆದರೆ ಮುಚ್ಚಳ ರೋಗಿಯ ಮಾನವನ್ನೂ ಕಾಯುತ್ತದೆಯಲ್ಲ!

ಪಾತ್ರೆ ಮುಚ್ಚಿಕೊಂಡು ಹೊರಬಂದವಳನ್ನು, ಕೈ ತೊಳೆದು ಬಂದ ಮೇಲೆ, ಕೇಳಿಯೇಬಿಟ್ಟೆ: "ನಿನಗೇನೂ ಅನಿಸುವುದಿಲ್ಲವೇನಮ್ಮ?"

"ಅನಿಸುತ್ತೆ ಮೇಡಂ. ಅಜ್ಜಿಗೆ ಗೊತ್ತಾಗಬಾರದು, ಅಷ್ಟೆ."

ತಾಯಿಯದು ಹುಟ್ಟಿನಿಂದ ಬಂದದ್ದು, ಇವಳದು ಕಲಿತದ್ದು. ಪಾಠ ಹೇಳುವವಳಾದ್ದರಿಂದ ನನಗೆ ಕಲಿತದ್ದರ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ. ಅತ್ತೆಗೆ ಆ ಹೊತ್ತು ಬೇಕಾಗಿದ್ದುದು ಅಕ್ಕರೆಯಲ್ಲ, ಬದಲಾಗದ ಒಂದು ಮುಖ.

ಇಂಥವರನ್ನು ನಾವು ದೇವತೆ ಎಂದುಬಿಡುತ್ತೇವೆ. ದೇವತೆಗೆ ವಾಸನೆಯೂ ತಟ್ಟದು, ಸಂಬಳವೂ ಬೇಡ. ಈ ಹುಡುಗಿಗೆ ವಾಸನೆಯೂ ತಟ್ಟುತ್ತದೆ, ತಿಂಗಳ ಕೊನೆಗೆ ಸಂಬಳವೂ ಬೇಕು. ಹಾಗೆ ಹೊಗಳುವವರೇ ಮಗನಿಗೆ ಹೆಣ್ಣು ನೋಡುವಾಗ "ನರ್ಸಾ?" ಎಂದು ಮೂಗು ಮುರಿಯುವುದನ್ನು ನಮ್ಮ ಬೀದಿಯಲ್ಲೇ ಕೇಳಿದ್ದೇನೆ.