ಶುದ್ಧ ಎಂದರೆ ಎಷ್ಟು?

ಮುಂಗಾರಿನ ಹೊತ್ತಿಗೆ ಕೊಪ್ಪ ತಾಲ್ಲೂಕಿನ ಜಯಪುರದ ಸುತ್ತಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಈ ಬೋರ್ಡೋ ದ್ರಾವಣ ಹದಕ್ಕೆ ಬಂತೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ಅದ್ದಿ ನೋಡುವುದು ಹಳೆಯ ಕ್ರಮ. ಅಲಗಿಗೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಕತ್ತಿ ಏನು ಹೇಳಿದರೂ ಮುಂದೇನು ಮಾಡಬೇಕೆಂಬುದು ರೈತನಿಗೆ ಮೊದಲೇ ಗೊತ್ತು.

ಈಗ ಬರುತ್ತಿರುವ ನ್ಯಾನೋ ಜೈವಿಕ ಸಂವೇದಕಗಳ ಕಣ್ಣು ಈ ಕತ್ತಿಯ ಪರೀಕ್ಷೆಗಿಂತ ಬಹಳ ಸೂಕ್ಷ್ಮ. ಮಿಲಿಮೀಟರಿನ ಲಕ್ಷದಲ್ಲೊಂದೆರಡು ಪಾಲಿನಷ್ಟು ಸಣ್ಣ ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿದ್ದರೆ ಬಣ್ಣ ಕೆಂಪು, ಗುಂಪುಗೂಡಿದರೆ ನೀಲಿ. ನಿರ್ದಿಷ್ಟ ವಿಷ ಸಿಕ್ಕಾಗ ಮಾತ್ರ ಕಣಗಳು ಗುಂಪುಗೂಡುವಂತೆ ಅವುಗಳಿಗೆ ಜೈವಿಕ ಅಣುಗಳನ್ನು ಅಂಟಿಸಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲೂ ಆಹಾರದ ಕಲ್ಮಶ ಹಿಡಿಯುವ ಜೈವಿಕ ಸಂವೇದಕಗಳ ಸಂಶೋಧನೆ ನಡೆದಿದೆ.

ಇಲ್ಲೊಂದು ತೊಡಕಿದೆ. ಉಪಕರಣ ‘ಇಲ್ಲ’ ಎಂದರೆ ‘ನನಗೆ ಕಾಣಲಿಲ್ಲ’ ಎಂದಷ್ಟೇ ಅರ್ಥ. ಯುರೋಪ್ 1980ರಲ್ಲಿ ಕುಡಿಯುವ ನೀರಿನ ಯಾವುದೇ ಒಂದು ಕೀಟನಾಶಕಕ್ಕೆ ಲೀಟರಿಗೆ 0.1 ಮೈಕ್ರೋಗ್ರಾಂ ಮಿತಿ ಹಾಕಿದಾಗ, ಅದು ಆ ಕಾಲದ ಉಪಕರಣಗಳಿಗೆ ಹೆಚ್ಚುಕಡಿಮೆ ಸೊನ್ನೆಯೇ ಆಗಿತ್ತು. ಉಪಕರಣ ಚುರುಕಾದಷ್ಟೂ ಸೊನ್ನೆ ಹಿಂದೆ ಸರಿಯುತ್ತದೆ. ಹಾಗಾದರೆ ಶುದ್ಧತೆಯ ಗೆರೆ ಎಳೆಯುವವರು ಯಾರು? ಕುಡಿಯುವ ನೀರಿಗೆಂದು ಇರುವ ನಮ್ಮ ಭಾರತೀಯ ಮಾನಕ 10500 ತಾಮ್ರಕ್ಕೆ ಎರಡು ಗೆರೆ ಎಳೆದಿದೆ: ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5. ಬೇರೆ ಬಾವಿ ಇಲ್ಲದವನ ಹೊಟ್ಟೆ ಮೂವತ್ತು ಪಟ್ಟು ಗಟ್ಟಿಯೇನೂ ಆಗಿರುವುದಿಲ್ಲ. ಎರಡನೆಯ ಗೆರೆಯನ್ನು ಎಳೆದದ್ದು ಅನಿವಾರ್ಯತೆ.

ಅಳೆದಷ್ಟೂ ಜನ ಗಾಬರಿಯಾಗುತ್ತಾರೆ, ತಿಳಿಯದಿರುವುದೇ ಲೇಸು ಎಂಬ ವಾದವುಂಟು. ಕಾಸರಗೋಡಿನ ಪಡ್ರೆ ಇದಕ್ಕೆ ಉತ್ತರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಆ ಊರಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ರೋಗಿಗಳನ್ನು ನೋಡಿ ಸಂಶಯಪಟ್ಟರು, ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಆಮೇಲೆ ವಿಷದ ಪ್ರಮಾಣದ ಬಗ್ಗೆ ಒಂದು ಪ್ರಯೋಗಾಲಯದ ಅಂಕಿಗೆ ಇನ್ನೊಂದರ ಅಂಕಿ ಎದುರಾಯಿತು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಅಳತೆ ಜನರ ಕೈಯಲ್ಲಿಲ್ಲದಿದ್ದರೆ ಅವರ ನೋವಿಗೆ ಸಾಕ್ಷಿಯಿಲ್ಲ. ಕಣ್ಣೆದುರಿನ ನೋವಿಗೂ ಅಂಕಿಯನ್ನೇ ಕಾಯುತ್ತ ಕೂತರೆ ಅಳತೆಯೇ ವಿಳಂಬಕ್ಕೆ ನೆಪ.

ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಾಳೆ ಅವರ ಕೈಗೆ ನ್ಯಾನೋ ಸಂವೇದಕದ ಪಟ್ಟಿಯೂ ಬರಲಿ. ಆದರೆ ಅದಕ್ಕೆ ಮೊದಲು ಗ್ರಾಮಸಭೆ ಮೂರು ಮಾತು ಬರೆದಿಡಬೇಕು: ಬಣ್ಣ ಬದಲಾದರೆ ಆ ನೀರನ್ನು ನಿಲ್ಲಿಸುವವರು ಯಾರು, ಬೇರೆ ನೀರು ಕೊಡುವವರು ಯಾರು, ವಿಷ ಬಿಟ್ಟವರಿಂದ ಖರ್ಚು ವಸೂಲಿ ಮಾಡುವವರು ಯಾರು. ಈ ಮೂರಕ್ಕೆ ಉತ್ತರವಿಲ್ಲದ ಊರಿಗೆ ಸಂವೇದಕ ಕೊಟ್ಟರೆ, ಭಯವನ್ನಷ್ಟೇ ಹಂಚಿದಂತಾಗುತ್ತದೆ.